ಒಬ್ಬನ ತಪ್ಪು, ಇನ್ನೊಬ್ಬನಿಗೆ ದಂಡ

ಕ್ರಿಕೆಟ್ಟಿನ ಅಂಕಪಟ್ಟಿಯಷ್ಟು ಸಭ್ಯವಾಗಿ ಅನ್ಯಾಯ ಮಾಡುವ ಲೆಕ್ಕಪುಸ್ತಕ ಇನ್ನೊಂದಿಲ್ಲವೆಂಬುದು ನನ್ನ ಬಹುಕಾಲದ ತಕರಾರು. ಸ್ಲಿಪ್‌ನಲ್ಲಿ ನಿಂತವನು ಸುಲಭದ ಕ್ಯಾಚೊಂದನ್ನು ಕೈಬಿಟ್ಟನೆಂದುಕೊಳ್ಳಿ. ಬದುಕಿ ಉಳಿದ ಬ್ಯಾಟ್ಸ್‌ಮನ್ ಅನಂತರ ಅದೇ ಬೌಲರನ ಎಸೆತಗಳಲ್ಲಿ ಗಳಿಸುವ ಪ್ರತಿಯೊಂದು ರನ್ನೂ ಬೌಲರನ ಖಾತೆಗೇ ಖರ್ಚು. ಕೈಬಿಟ್ಟವನ ಹೆಸರಿನ ಮುಂದೆ ಒಂದು ಚುಕ್ಕೆಯೂ ಬೀಳುವುದಿಲ್ಲ.

ಲಾಭದ ಹಂಚಿಕೆಯಾದರೂ ನೆಟ್ಟಗಿದೆಯೇ? 1999ರ ಫೆಬ್ರವರಿಯಲ್ಲಿ ದೆಹಲಿಯ ಕೋಟ್ಲಾ ಮೈದಾನದಲ್ಲಿ ನಮ್ಮ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್ನುಗಳಿಗೆ ಉರುಳಿಸಿದರು. ಆ ಹತ್ತರಲ್ಲಿ ಮೂರು ಎಲ್‌ಬಿಡಬ್ಲ್ಯು, ಎರಡು ಬೌಲ್ಡ್; ಉಳಿದ ಐದೂ ಕ್ಯಾಚು. ಲಕ್ಷ್ಮಣ್ ಎರಡು, ಮೋಂಗಿಯಾ, ಗಂಗೂಲಿ, ದ್ರಾವಿಡ್ ತಲಾ ಒಂದು. ಕುಂಬ್ಳೆಯವರ ಸಾಧನೆಯಿಂದ ಒಂದು ಕೂದಲನ್ನೂ ನಾನು ಕಿತ್ತುಕೊಳ್ಳಲಾರೆ. ಆದರೆ ಆ ನಾಲ್ಕು ಜೊತೆ ಕೈಗಳಲ್ಲಿ ಒಂದು ಸಡಿಲವಾಗಿದ್ದರೂ 'ಹತ್ತಕ್ಕೆ ಹತ್ತು' ಎಂಬ ಮಾತು ಹುಟ್ಟದೆಯೇ ಹೋಗಬಹುದಿತ್ತು. ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ 55 ದ್ರಾವಿಡರ ಕೈಸೇರಿದವು ಎಂಬುದನ್ನೂ ನೆನೆಯಬೇಕು.

ಏಕನಾಥ ಸೋಲ್ಕರರನ್ನು ನೋಡಿ. ಶಿರಸ್ತ್ರಾಣವಿಲ್ಲದ ಕಾಲದಲ್ಲಿ ಬ್ಯಾಟಿನ ಮೂಗಿನಡಿ ನಿಂತು 27 ಟೆಸ್ಟ್‌ಗಳಲ್ಲಿ 53 ಕ್ಯಾಚು ಹಿಡಿದವರು ಅವರು. 1971ರ ಓವಲ್ ಟೆಸ್ಟಿನಲ್ಲಿ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಪಡೆದು ಇಂಗ್ಲೆಂಡನ್ನು 101ಕ್ಕೆ ಮುಗಿಸಿದ್ದು ಎಲ್ಲರಿಗೂ ಕಂಠಪಾಠ. ಆ ಇನ್ನಿಂಗ್ಸಿನಲ್ಲಿ ಫ್ಲೆಚರ್ ಮತ್ತು ನಾಟ್ ಇಬ್ಬರನ್ನೂ ಹಿಡಿದ ಸೋಲ್ಕರರ ಹೆಸರು ಎಷ್ಟು ಮಂದಿಯ ಬಾಯಲ್ಲಿದೆ?

ಅಮೆರಿಕದ ಬೇಸ್‌ಬಾಲಿನವರು ಈ ವಿಷಯದಲ್ಲಿ ನಮಗಿಂತ ಪ್ರಾಮಾಣಿಕರು. ಅಲ್ಲಿ ಕ್ಷೇತ್ರರಕ್ಷಕ ಎಡವಿದರೆ ಅವನ ಹೆಸರಿಗೇ 'ಎರರ್' ಎಂದು ಬರೆಯುತ್ತಾರೆ. ಆ ಎಡವಟ್ಟಿನಿಂದ ಬಂದ ರನ್ನುಗಳನ್ನು ಚೆಂಡೆಸೆದ ಪಿಚರನ ಸರಾಸರಿಗೆ ಸೇರಿಸುವುದಿಲ್ಲ. ಆ ಪದ್ಧತಿಯಲ್ಲೂ ಕೊರತೆಯಿದೆ: ನಿಧಾನಗಾಲಿನವನು ಚೆಂಡಿನ ಹತ್ತಿರಕ್ಕೇ ಹೋಗದಿದ್ದರೆ ತಪ್ಪೂ ದಾಖಲಾಗದು. 2001ರಲ್ಲಿ ವೊರೋಸ್ ಮೆಕ್‌ಕ್ರಾಕನ್ ಎಂಬ ವಿಶ್ಲೇಷಕರು, ಆಟದೊಳಗೆ ಹೊಡೆಯಲ್ಪಟ್ಟ ಚೆಂಡು ಔಟಾಗುವುದೋ ಇಲ್ಲವೋ ಎಂಬುದರ ಮೇಲೆ ಪಿಚರನ ಹಿಡಿತ ಬಹಳ ಕಡಿಮೆ ಎಂದು ವಾದಿಸಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿದರು. ಲೆಕ್ಕ ಪೂರ್ಣವಾಗಿರಲಿಲ್ಲ, ಆದರೆ ಲೆಕ್ಕವಿತ್ತಾದ್ದರಿಂದ ಜಗಳವಾಡಿ ತಿದ್ದಲು ಸಾಧ್ಯವಾಯಿತು.

"ಯಾವುದು ಹಿಡಿಯಬಹುದಾದ ಕ್ಯಾಚು ಎಂಬುದು ಬರಿಯ ಅಭಿಪ್ರಾಯವಲ್ಲವೇ?" ಎಂದು ನನ್ನನ್ನು ಕೇಳುವವರಿದ್ದಾರೆ. ಹೌದು, ಅಭಿಪ್ರಾಯವೇ. ಎಲ್‌ಬಿಡಬ್ಲ್ಯು ಕೂಡ ಶತಮಾನಕ್ಕೂ ಮೀರಿ ಅಂಪೈರನ ಅಭಿಪ್ರಾಯವೇ ಆಗಿತ್ತು. ಅದಕ್ಕಾಗಿ ಯಾರೂ ಅದನ್ನು ಪುಸ್ತಕದಿಂದ ಕೈಬಿಡಲಿಲ್ಲ. ದೊಡ್ಡ ಪಂದ್ಯಗಳಲ್ಲಿ ವಿಶ್ಲೇಷಕರು ಇಂದು ಕೈಚೆಲ್ಲಿದ ಕ್ಯಾಚುಗಳನ್ನು ಎಣಿಸುತ್ತಾರೆ, ನಿಜ. ಅಂಕಪಟ್ಟಿ ಮಾತ್ರ ಇನ್ನೂ ಮೌನವ್ರತ ಬಿಟ್ಟಿಲ್ಲ.

ಇಷ್ಟೊಂದು ಆವೇಶವೇಕೆ ಎಂದರೆ, ಈ ಮೌನದ ಬೆಲೆ ತೆರುವವರು ತಾರೆಯರಲ್ಲ, ಹುಡುಗರು. ಊರಿನ ತಂಡಗಳಿಗೆ ಆಯ್ಕೆ ಮಾಡುವವರ ಮುಂದಿರುವುದು ರನ್ ಮತ್ತು ವಿಕೆಟ್‌ಗಳೆಂಬ ಎರಡೇ ಕಾಲಮು. ಕವರ್‌ನಲ್ಲಿ ಮೊಣಕೈ ತರಚಿಕೊಂಡು ಇಪ್ಪತ್ತು ರನ್ ಉಳಿಸಿದ ಹುಡುಗ ಆ ಹಾಳೆಯಲ್ಲಿ ಇರುವುದೇ ಇಲ್ಲ. ಕ್ಯಾಚುಗಳನ್ನೆಲ್ಲ ಸಹಪಾಠಿಗಳು ನೆಲಕ್ಕೆ ಚೆಲ್ಲಿದ ಬೌಲರ್ ಹುಡುಗ ಅಲ್ಲಿ ದುಬಾರಿಯಾಗಿ ಕಾಣುತ್ತಾನೆ. ಎಣಿಸದೆ ಬಿಟ್ಟ ಗುಣವನ್ನು ಯಾರೂ ರೂಢಿಸಿಕೊಳ್ಳುವುದಿಲ್ಲವೆಂಬುದು ತರಗತಿಯಲ್ಲಿ ನಾನು ಕಂಡುಕೊಂಡ ಸತ್ಯ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಮಕ್ಕಳ ತಂಡಗಳನ್ನು ನಡೆಸುತ್ತಿದ್ದೀರಿ, ಭಾನುವಾರಗಳಂದು ಸ್ಕೋರ್ ಪುಸ್ತಕವನ್ನೂ ಹಿಡಿಯುತ್ತೀರಿ. ಅಂಚಿನಲ್ಲಿ ಎರಡು ಗೆರೆ ಎಳೆಯಿರಿ: 'ಬಂದ ಅವಕಾಶ', 'ಹಿಡಿದದ್ದು'. ಆಯ್ಕೆಯ ದಿನ ಆ ಪುಟವನ್ನೂ ಮೇಜಿನ ಮೇಲಿಡಿ.