ಮುದಗಲ್ಲಿಗೆ ಹೋಗಿ ಬನ್ನಿ

ಬೇಸಿಗೆಯ ರಜೆ ಬಂತೆಂದರೆ ನಮ್ಮ ಕುಟುಂಬಗಳು ವೇಳಾಂಗಣಿಗೋ ಗೋವೆಗೋ ಹೊರಡುವುದು ವಾಡಿಕೆ. ಹೋಗಿ ಬರಲಿ, ಸಂತೋಷ. ಆದರೆ ದೇಶನೂರಿನಿಂದ ತುಂಗಭದ್ರೆಯನ್ನು ದಾಟಿ, ಸಿಂಧನೂರು, ಮಸ್ಕಿಗಳ ಮಾರ್ಗವಾಗಿ ಅರ್ಧ ದಿನದೊಳಗೆ ತಲುಪಬಹುದಾದ ಮುದಗಲ್ಲನ್ನು ಕಂಡವರು ನಮ್ಮಲ್ಲಿ ಎಷ್ಟು ಮಂದಿ?

ರಾಯಚೂರು ಜಿಲ್ಲೆಯ ಈ ಪುಟ್ಟ ಪಟ್ಟಣದ ಕೋಟೆಗಾಗಿ ವಿಜಯನಗರದ ಅರಸರು, ಬಹಮನಿ ಸುಲ್ತಾನರು, ಅನಂತರ ಬಿಜಾಪುರದ ಆದಿಲ್‌ಶಾಹಿಗಳು ತಲೆಮಾರುಗಟ್ಟಲೆ ಕಾದಾಡಿದರು. ಆ ಕದನಗಳ ನಡುವೆಯೇ ಯೇಸುಸಭೆಯ ಗುರುಗಳು ಇಲ್ಲಿ ದೇವಾಲಯವೊಂದನ್ನು ಕಟ್ಟಿದರು. ಅದು 1557ಕ್ಕಿಂತ ಹಿಂದಿನದೆಂದು ಹಳೆಯ ಗೆಜೆಟಿಯರು ಹೇಳುತ್ತದೆ. ಎಂದರೆ, 1565ರ ತಾಳಿಕೋಟೆಯ ಯುದ್ಧಕ್ಕೂ ಮೊದಲು, ಹಂಪಿ ಇನ್ನೂ ವೈಭವದಿಂದ ಮೆರೆಯುತ್ತಿದ್ದಾಗಲೇ ಈ ಸೀಮೆಯಲ್ಲಿ ಬಲಿಪೂಜೆ ನಡೆಯುತ್ತಿತ್ತು.

'ನಿಮ್ಮದು ಬ್ರಿಟಿಷರು ತಂದ ಧರ್ಮವಲ್ಲವೇ?' ಎಂಬ ಮಾತಿಗೆ ತಲೆ ತಗ್ಗಿಸುವ ನಮ್ಮ ಮಕ್ಕಳು ಇದನ್ನು ಅರಿಯಬೇಕು. ಅರಿತು ಬೀಗಬಾರದು. ಹಳೆಯದೆಂಬ ಕಾರಣಕ್ಕೆ ಯಾವುದೂ ಸತ್ಯವಾಗದು. ಇದು ತರ್ಕಶಾಸ್ತ್ರದ ಮೊದಲ ಪಾಠ. ಹಿರಿತನವೇ ಅಳತೆಗೋಲಾದರೆ ದಾರಿಯಲ್ಲಿನ ಮಸ್ಕಿಯ ಬಂಡೆಯ ಮುಂದೆ ನಾವೆಲ್ಲರೂ ನಿನ್ನೆಯವರೇ. ಕ್ರಿಸ್ತಜಯಂತಿಗೆ ಎರಡು ಶತಮಾನಗಳಿಗೂ ಹಿಂದೆ ಕೊರೆಸಿದ ಆ ಶಾಸನ 1915ರಲ್ಲಿ ಬೆಳಕಿಗೆ ಬಂದಾಗ, 'ದೇವಾನಾಂಪ್ರಿಯ'ನೇ ಅಶೋಕನೆಂಬುದು ಸ್ಥಿರಪಟ್ಟಿತು. ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದೊರಕುತ್ತದೆ ಎಂದು ಅದರಲ್ಲಿ ಬರೆದಿದೆ. ಬೌದ್ಧ ದೊರೆಯ ಈ ಮಾತನ್ನು ಕ್ರೈಸ್ತನು ಅಲ್ಲಗಳೆಯಬಲ್ಲನೇ?

ಮುದಗಲ್ಲು ನಾಡಿನಲ್ಲೆಲ್ಲ ಹೆಸರಾಗಿರುವುದು ನಮ್ಮ ದೇವಾಲಯದಿಂದಲ್ಲ, ಮೊಹರಂನಿಂದ. ಹುಸೇನಿ ಆಲಂ ದರ್ಗಾದ ಮುಂದೆ ಹರಕೆ ಹೊತ್ತು ನಿಲ್ಲುವವರಲ್ಲಿ ಹಿಂದೂಗಳೂ ಅಸಂಖ್ಯ. ಅಲ್ಲಿನ ನಮ್ಮ ವಿಶ್ವಾಸಿಗಳು ನಾಲ್ಕು ಶತಮಾನಗಳಿಂದ ಬಾಳಿರುವುದು ಇಂಥ ನೆರೆಹೊರೆಯ ನಡುವೆ. ಹೀಗಿರಲು, ಇತ್ತೀಚೆಗೆ ನಮ್ಮ ಕೆಲವು ಮನೆಗಳಲ್ಲಿ ನೆರೆಯವರು ಕೊಟ್ಟ ಅಲಾಯಿ ಹಬ್ಬದ ಚೊಂಗೆಯನ್ನೋ ಯುಗಾದಿಯ ಹೋಳಿಗೆಯನ್ನೋ 'ನಮಗೆ ಸಲ್ಲದು' ಎಂದು ಹಿಂದಿರುಗಿಸುತ್ತಿರುವುದು ನಮಗೆ ನೋವು ತಂದಿದೆ. ಇದನ್ನು ಭಕ್ತಿಯೆಂದು ತಿಳಿದವರಿದ್ದಾರೆ. ಅನ್ಯಧರ್ಮಗಳಲ್ಲಿರುವ ಸತ್ಯವನ್ನೂ ಪಾವನವಾದುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಸಾರಿದ್ದು 1965ರಲ್ಲಿ. ಆ ಮಾತು ನಮ್ಮ ಅಡುಗೆಮನೆಗಳಿಗೆ ಇನ್ನೂ ತಲುಪಿಲ್ಲವೆಂದರೆ ತಪ್ಪು ಗೃಹಿಣಿಯರದಲ್ಲ, ಪೀಠದಿಂದ ಬೋಧಿಸುವವರದು.

ಈ ರಜೆಯಲ್ಲಿ ಒಂದು ದಿನ ಮಕ್ಕಳನ್ನು ಕರೆದುಕೊಂಡು ಹೊರಡಿ. ಬಿಸಿಲೇರುವ ಮುನ್ನ ಕೋಟೆ ನೋಡಿ, ದೇವಾಲಯದಲ್ಲಿ ಪ್ರಾರ್ಥಿಸಿ, ದರ್ಗಾದ ಬಾಗಿಲಲ್ಲಿಯೂ ತುಸು ಹೊತ್ತು ನಿಲ್ಲಿ. ಸಾಧ್ಯವಾದರೆ ಪಕ್ಕದ ಮನೆಯವರನ್ನೂ ಜೊತೆಗೆ ಕರೆಯಿರಿ. ಗಾಡಿಯ ಬಾಡಿಗೆಯೂ ಹಂಚಿಹೋಗುತ್ತದೆ.