ಅಖಿಲಾಂಡೇಶ್ವರಿ ನಮ್ಮ ಉಡುಪಿಯವರು

ವರ್ಕ್ ಫ್ರಮ್ ಹೋಮ್ ಇದ್ದ ಕಾಲದಲ್ಲಿ ನಾನು ಮಣಿಪಾಲದ ರೂಮು ಬಿಟ್ಟು ಕಾರ್ಕಳದ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದೆ. ನಮ್ಮದು ಹಳೇ ಮನೆ, ದಪ್ಪ ಗೋಡೆ. ಆದರೆ ಅರಸನಕೋಟೆಯ ಅಖಿಲಾಂಡೇಶ್ವರಿಯ ಸ್ವರ ತಡೆಯುವಷ್ಟು ದಪ್ಪ ಅಲ್ಲ. ಸಂಜೆ ನನ್ನದು ಆಫೀಸಿನ ಕಾಲ್, ಹಾಲ್‌ನಲ್ಲಿ ಅಮ್ಮನ ‘ಪಾರು’. ಒಂದು ದಿನ ಮ್ಯೂಟ್ ಮಾಡಲು ಮರೆತೆ. ಪುಣೆಯ ಸಹೋದ್ಯೋಗಿಯೊಬ್ಬ ಚಾಟ್‌ನಲ್ಲಿ ‘ಮನೆಯಲ್ಲಿ ಎಲ್ಲ ಸರಿ ಇದೆಯಾ?’ ಅಂತ ಕೇಳಿದ. ಅವನಿಗೆ ಭಾಷೆ ಗೊತ್ತಿಲ್ಲ, ಯಾರೋ ಯಾರನ್ನೋ ಮನೆಯಿಂದ ಹೊರಗೆ ಹಾಕುತ್ತಿದ್ದಾರೆ ಅನ್ನುವುದು ಮಾತ್ರ ಗೊತ್ತಾಗಿತ್ತು!

“ವಿನಯಾ ಪ್ರಸಾದ್ ನಮ್ಮ ಉಡುಪಿಯವರು, ಗೊತ್ತುಂಟಾ?” ಅಂತ ಅಮ್ಮ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಸ್ವಂತ ಅತ್ತೆ ಮಗಳ ಸುದ್ದಿ ಹೇಳಿದ ಹಾಗೆ. ನಾನು ಹೂಂ ಅನ್ನುತ್ತಿದ್ದೆ. ನಮ್ಮೂರಿನ ಕಡೆಯವರು ಟಿವಿಯಲ್ಲಿ ಯಾರು ಬಂದರೂ ಅವರ ಊರು ಕೇರಿ ಕಂಡುಹಿಡಿಯದೆ ಬಿಡುವುದಿಲ್ಲವಲ್ಲ.

ಈಗ ಧಾರಾವಾಹಿ ಮುಗಿದಿದೆ. ನಾನು ವಾಪಸ್ ಮಣಿಪಾಲಕ್ಕೆ ಬಂದಿದ್ದೇನೆ. ಅಪ್ಪ ಹೋಗಿ ನಾಲ್ಕು ವರ್ಷ ಆಯ್ತು. ಅಮ್ಮ ಒಬ್ಬರೇ ಇರುತ್ತಾರೆ, ನಾನು ಶನಿವಾರ ಹಿರಿಯಡ್ಕದ ಮೇಲೆ ಬರುವ ಬಸ್ಸು ಹಿಡಿದು ಹೋಗುತ್ತೇನೆ. ಕಳೆದ ತಿಂಗಳು ಹಾಗೇ ಹೋದಾಗ ಗಂಜಿ ಬಡಿಸುತ್ತಾ ಅಮ್ಮ ಹೇಳಿದರು, “ಭಜನಾ ಮಂಡಳಿಯ ಹೆಂಗಸರೆಲ್ಲ ಸೇರಿ ನವರಾತ್ರಿಗೆ ಒಂದು ನಾಟಕ ಮಾಡುವುದಂತೆ. ನನಗೆ ಅತ್ತೆ ಪಾರ್ಟ್. ಜೋರಿನ ಅತ್ತೆ.”

ನಾನು ತಟ್ಟೆಯಿಂದ ತಲೆ ಎತ್ತದೆ ಅಂದೆ, “ಈ ವಯಸ್ಸಲ್ಲಿ ಬೇಕಾ ಅಮ್ಮ? ಯಾರಾದ್ರೂ ವಿಡಿಯೋ ತೆಗ್ದು ವಾಟ್ಸಾಪಿಗೆ ಹಾಕಿದ್ರೆ?”

“ಸರಿ” ಅಂದರು. ಉಪ್ಪಿನಕಾಯಿ ಭರಣಿ ಎತ್ತಿಕೊಂಡು ಒಳಗೆ ಹೋದರು. ಭಾನುವಾರ ಸಂಜೆ ನಾನು ಹೊರಡುವವರೆಗೆ ಬೇಕಾದಷ್ಟೇ ಮಾತು. ಕಾಪುವಿನಲ್ಲಿರುವ ಅಜ್ಜಿಗೆ ವಿಷಯ ಹೇಗೆ ಮುಟ್ಟಿತೋ, ಬಸ್ಸಿನಲ್ಲಿ ಇರುವಾಗಲೇ ಫೋನು ಬಂತು. ನಾಲ್ಕು ಮಾತು ಬೈದರು, ತುಳುವಿನಲ್ಲಿ. ಅದನ್ನು ಇಲ್ಲಿ ಬರೆಯುವುದು ಬೇಡ. ಅದರ ನಡುವೆ ಒಂದು ಮಾತು ಮಾತ್ರ ತಲೆಯಲ್ಲಿ ಉಳಿಯಿತು: ಮದುವೆಗೆ ಮೊದಲು ನಿನ್ನ ಅಮ್ಮ ಶಾಲೆಯ ನಾಟಕದಲ್ಲಿ ರಾಣಿ ಆಗಿದ್ದವಳು ಮಾರಾಯ, ನಿನಗೆ ಎಲ್ಲಿ ಗೊತ್ತುಂಟು? ನಿಜವಾಗಿ ನನಗೆ ಗೊತ್ತಿರಲಿಲ್ಲ.

ಆ ರಾತ್ರಿ ಮಣಿಪಾಲದಲ್ಲಿ ನಿದ್ದೆ ಬರಲಿಲ್ಲ. ಯೂಟ್ಯೂಬ್‌ನಲ್ಲಿ ‘ಗಣೇಶನ ಮದುವೆ’ ಹಾಕಿಕೊಂಡೆ. 1990ರ ಸಿನಿಮಾ, ನಾನು ಹುಟ್ಟುವ ಮೊದಲಿನದು. ಫಣಿ ರಾಮಚಂದ್ರ ನಿರ್ದೇಶನ, ಅನಂತ್ ನಾಗ್ ನಾಯಕ. ವಠಾರದಲ್ಲಿ ಅಕ್ಕಪಕ್ಕ ಇದ್ದುಕೊಂಡು ದಿನಾ ಕಚ್ಚಾಡುವ ಇಬ್ಬರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಪತ್ರದಲ್ಲಿ ಪ್ರೀತಿ ಮಾಡುವ ಕಥೆ. ಇವತ್ತಾದರೆ ಪ್ರೊಫೈಲ್ ಫೋಟೋದಲ್ಲೇ ಎಲ್ಲ ಮುಗಿದುಹೋಗುತ್ತಿತ್ತು. ಅದರಲ್ಲಿ ಜಗಳಗಂಟಿ ಆದಿಲಕ್ಷ್ಮಿ ಆಗಿರುವ ಹುಡುಗಿಯನ್ನು ನೋಡಿ ಐದು ನಿಮಿಷ ಬೇಕಾಯ್ತು, ಇವರೇ ಅಖಿಲಾಂಡೇಶ್ವರಿ ಅಂತ ಒಪ್ಪಿಕೊಳ್ಳಲು. ಅನಂತ್ ನಾಗ್ ಎದುರು ಕಾಮಿಡಿ ಮಾಡುವುದು ಸುಲಭ ಅಲ್ಲ. ಅವರು ಸುಮ್ಮನೆ ನಿಂತರೂ ನಗು ಬರುತ್ತದೆ. ಆದರೆ ಆ ಜಗಳಗಳಲ್ಲಿ ಈ ಹುಡುಗಿ ಒಂದು ಇಂಚೂ ಹಿಂದೆ ಸರಿಯುವುದಿಲ್ಲ. ಮರುವರ್ಷ ಅದೇ ತಂಡ ‘ಗೌರಿ ಗಣೇಶ’ ಮಾಡಿತು. ಅದನ್ನು ನಮ್ಮ ಮನೆಯಲ್ಲಿ ಟಿವಿಯಲ್ಲಿ ಬಂದಾಗಲೆಲ್ಲ ನೋಡುತ್ತೇವೆ, ಅಪ್ಪನಿಗೆ ಡೈಲಾಗ್ ಬಾಯಿಪಾಠ ಇತ್ತು.

ಉಡುಪಿಯಲ್ಲಿ ಹುಟ್ಟಿದ ಇವರು ಮೊದಲು ಕ್ಯಾಮೆರಾ ಎದುರು ಬಂದದ್ದು ಜಿ.ವಿ. ಅಯ್ಯರ್ ಅವರ ‘ಮಧ್ವಾಚಾರ್ಯ’ದಲ್ಲಿ, ಒಂದು ಸಣ್ಣ ಪಾತ್ರಕ್ಕೆ. ಮಧ್ವಾಚಾರ್ಯರ ಪಾಜಕ ಉಡುಪಿಯಿಂದ ಏನು ದೂರ? ಊರಿನ ಗುರುಗಳ ಸಿನಿಮಾದಿಂದಲೇ ಊರಿನ ಹುಡುಗಿಯ ಶುರುವಾತು. ಆಮೇಲೆ ವಿಷ್ಣುವರ್ಧನ್ ಜೊತೆ ‘ನೀನು ನಕ್ಕರೆ ಹಾಲು ಸಕ್ಕರೆ’, ‘ಮೈಸೂರು ಜಾಣ’. 1994ರಲ್ಲಿ ‘ಕರುಳಿನ ಕೂಗು’. ತಾನು ಸಾಯುವ ಮೊದಲು ಮಕ್ಕಳಿಗೆ ಒಂದೊಂದು ಮನೆ ಹುಡುಕುವ ತಾಯಿಯ ಕಥೆ ಅದು, ಮಲಯಾಳದ ‘ಆಕಾಶದೂತು’ ಮೂಲ. ಅಮ್ಮ ಅದನ್ನು ಒಂದೇ ಸಲ ನೋಡಿದ್ದಂತೆ, ಇನ್ನೊಮ್ಮೆ ನೋಡುವ ಧೈರ್ಯ ಇಲ್ಲವಂತೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಲಯಾಳದ ಕೆಲಸ. ‘ಪೆರುಂತಚ್ಚನ್’ನಲ್ಲಿ ತಿಲಕನ್ ಎದುರು ನಟಿಸಿದವರು, 1993ರಲ್ಲಿ ಫಾಝಿಲ್ ಅವರ ‘ಮಣಿಚಿತ್ರತ್ತಾಳ್’ನಲ್ಲಿ ಶ್ರೀದೇವಿ ಆದರು. ನಮ್ಮ ‘ಆಪ್ತಮಿತ್ರ’ದ ಮೂಲ ಅದು. ಎಲ್ಲರೂ ಅದರಲ್ಲಿ ಶೋಭನಾ ಅವರ ನಾಗವಲ್ಲಿಯ ಬಗ್ಗೆಯೇ ಮಾತಾಡುತ್ತಾರೆ, ಆಡಬೇಕಾದ್ದೇ. ಆದರೆ ಶ್ರೀದೇವಿಯ ಪಾತ್ರದ ಕಷ್ಟ ನೋಡಿ. ಜಾತಕದಲ್ಲಿ ದೋಷ ಅಂತ ಬದುಕು ನಿಂತುಹೋದ ಹೆಣ್ಣು, ಮಾತು ಕಡಿಮೆ. ತರವಾಡಿನಲ್ಲಿ ಏನು ಕೆಟ್ಟದ್ದಾದರೂ ಇವಳೇ ಹುಚ್ಚಿ ಅಂತ ಅನುಮಾನ. ಪ್ರೇಕ್ಷಕರೂ ಅನುಮಾನ ಪಡಬೇಕು, ಆದರೆ ಎರಡನೇ ಸಲ ನೋಡುವಾಗ ಅದೇ ಮುಖದಲ್ಲಿ ಬರೀ ಸಂಕಟ ಕಾಣಬೇಕು. ಒಂದೇ ನೋಟ, ಎರಡು ಅರ್ಥ. ನಮ್ಮ ಕೆಲಸದಲ್ಲೂ ಹೀಗಾಗುವುದುಂಟು. ವಾರಗಟ್ಟಲೆ ಒಂದು ಮಾಡ್ಯೂಲ್ ಮೇಲೆ ತಪ್ಪು ಹೊರಿಸಿ ಲಾಗ್ ನೋಡುತ್ತಾ ಕೂರುತ್ತೇವೆ, ಕೊನೆಗೆ ಬಗ್ ಇನ್ನೆಲ್ಲೋ ಸಿಗುತ್ತದೆ. ಆ ಮಾಡ್ಯೂಲಿಗೆ ಯಾರೂ ಸಾರಿ ಹೇಳುವುದಿಲ್ಲ.

ಕಾಸರಗೋಡಿಗೆ ಮದುವೆಯಾಗಿ ಹೋದ ಚಿಕ್ಕಮ್ಮನಿಗೆ ಮರುದಿನ ಫೋನ್ ಮಾಡಿದೆ. “ಯಾರು, ಇಂದುವಾ?” ಅಂದರು. 1998ರಲ್ಲಿ ಏಷ್ಯಾನೆಟ್‌ನಲ್ಲಿ ಶುರುವಾದ ‘ಸ್ತ್ರೀ’ ಧಾರಾವಾಹಿಯಲ್ಲಿ ವಿನಯಾ ಪ್ರಸಾದ್ ಅವರ ಪಾತ್ರದ ಹೆಸರು ಇಂದು. ಆ ಹೊತ್ತಿಗೆ ಚಿಕ್ಕಮ್ಮನ ಮನೆಯಲ್ಲಿ ಅಡುಗೆ, ದೀಪ, ಊಟ ಎಲ್ಲ ಮುಗಿದಿರಬೇಕು. ಟಿವಿ ಇಲ್ಲದ ನೆರೆಮನೆಯವರೂ ಬಂದು ಕೂರುತ್ತಿದ್ದರಂತೆ. ಚಿಕ್ಕಮ್ಮನ ಅತ್ತೆಗೆ ಎಷ್ಟು ಹೇಳಿದರೂ ಇವರು ಕನ್ನಡದವರು ಅಂತ ನಂಬಿಕೆಯೇ ಬರಲಿಲ್ಲವಂತೆ. “ಉಡುಪಿಯವರು ಅಂದ್ರೆ ಹೋಟೆಲಿನವರು ಮಾತ್ರ ಅಂತ ಅವರ ಲೆಕ್ಕ” ಅಂತ ಚಿಕ್ಕಮ್ಮ ನಕ್ಕರು.

ಇಷ್ಟೆಲ್ಲ ಹುಡುಕುವಾಗ ಒಂದು ವರ್ಷದ ಹತ್ತಿರ ನಾನು ನಿಂತೆ. 1995ರಲ್ಲಿ ಅವರ ಪತಿ ವಿ.ಆರ್.ಕೆ. ಪ್ರಸಾದ್ ತೀರಿಕೊಂಡರು. ಮಗಳು ಪ್ರಥಮಾ ಆಗ ಚಿಕ್ಕ ಹುಡುಗಿ. ‘ಸ್ತ್ರೀ’ ಬಂದದ್ದು ಅದಾಗಿ ಮೂರು ವರ್ಷಕ್ಕೆ. ಅಂದರೆ ಚಿಕ್ಕಮ್ಮನ ಅಂಗಳದ ತುಂಬಾ ಜನ ನೋಡುತ್ತಿದ್ದ ಆ ಇಂದು, ಮನೆಯ ಜವಾಬ್ದಾರಿ ಹೊತ್ತುಕೊಂಡು ಬೇರೆ ರಾಜ್ಯದಲ್ಲಿ, ಬೇರೆ ಭಾಷೆಯಲ್ಲಿ ದಿನಾ ಬಣ್ಣ ಹಚ್ಚುತ್ತಿದ್ದವರು. ಮುಂದೆ ಕಿರುತೆರೆಯ ನಿರ್ದೇಶಕ ಜ್ಯೋತಿಪ್ರಕಾಶ್ ಅತ್ರೆ ಅವರನ್ನು ಮದುವೆಯಾದರು. ಪ್ರಥಮಾ ಕೂಡ ನಟಿಯಾದರು. ‘ಲಕ್ಷ್ಮೀನಾರಾಯಣರ ಪ್ರಪಂಚಾನೇ ಬೇರೆ’ ಅಂತ ಒಂದು ಸಿನಿಮಾವನ್ನು ವಿನಯಾ ಅವರೇ ನಿರ್ದೇಶಿಸಿದರು. ಆಮೇಲೆ 2018ರ ಕೊನೆಗೆ ಜೀ ಕನ್ನಡದಲ್ಲಿ ‘ಪಾರು’, ಐದು ವರ್ಷಕ್ಕೂ ಮಿಕ್ಕಿ. ವಠಾರದ ಹುಡುಗಿ ಕೋಟೆಯ ಯಜಮಾನಿ ಆಗುವ ಹೊತ್ತಿಗೆ ನಡುವೆ ಸುಮಾರು 28 ವರ್ಷ. ಈ ವಯಸ್ಸಲ್ಲಿ ಬೇಕಾ ಅಂತ ಅವರನ್ನು ಯಾರಾದರೂ ಕೇಳಿದ್ದರೋ ಇಲ್ಲವೋ. ನಾನಂತೂ ನನ್ನ ಅಮ್ಮನನ್ನು ಕೇಳಿದ್ದೆ, ಅದೂ ಗಂಜಿ ಉಣ್ಣುತ್ತಾ.

ಉಡುಪಿ, ಕಾರ್ಕಳದ ಕಡೆ ನಾಟಕ ಅಂದರೆ ಹೊಸತೇನಲ್ಲ. ರಂಗಭೂಮಿ ಸಂಸ್ಥೆಯವರ ನಾಟಕ ಸ್ಪರ್ಧೆಗೆ ಅಪ್ಪ ನನ್ನನ್ನು ಎರಡು ಸಲ ಕರೆದುಕೊಂಡು ಹೋಗಿದ್ದರು. ಆಗ ಅಮ್ಮ ಮನೆಯಲ್ಲಿ ಇದ್ದರು. ಯಾಕೆ ಅವರನ್ನೂ ಕರೆದುಕೊಂಡು ಹೋಗಲಿಲ್ಲ ಅಂತ ಇವತ್ತಿನವರೆಗೆ ಯೋಚಿಸಿರಲೇ ಇಲ್ಲ. ಅಪ್ಪ ಒಳ್ಳೆಯವರು. ನಾನೂ ಕೆಟ್ಟವನಲ್ಲ ಅಂದುಕೊಂಡಿದ್ದೇನೆ. ಹಾಗಾದರೂ ಅಮ್ಮ ಮನೆಯಲ್ಲೇ ಇದ್ದರು.

ಮುಂದಿನ ಶನಿವಾರ ಹೋದವನು ಚಪ್ಪಲಿ ಬಿಡುವ ಮೊದಲೇ ಕೇಳಿದೆ, “ಅಮ್ಮ, ನಾಟಕದ ಪುಸ್ತಕ ಎಲ್ಲುಂಟು?”

“ಬೇಡ ಅಂತ ಹೇಳಿ ಆಯ್ತಲ್ಲ ಅವ್ರಿಗೆ.”

“ಪಾರ್ಟ್ ಬೇರೆಯವ್ರಿಗೆ ಕೊಟ್ರಾ?”

ಸ್ವಲ್ಪ ಹೊತ್ತು ಮಾತಿಲ್ಲ. ಮತ್ತೆ, “ಕೊಡ್ಲಿಲ್ಲ. ಯೋಚನೆ ಮಾಡಿ ಅಂದಿದ್ದಾರೆ.”

ಪುಸ್ತಕ ದಿಂಬಿನ ಅಡಿಯಲ್ಲೇ ಇತ್ತು. ಅತ್ತೆಯ ಮಾತುಗಳ ಕೆಳಗೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದಾಗಿತ್ತು. ನನ್ನನ್ನು ಎದುರು ಕೂರಿಸಿ ಸೊಸೆಯ ಮಾತು ಓದಲು ಹೇಳಿದರು. ಆಫೀಸಿನ ಮೇಲ್ ಓದಿದ ಹಾಗೆ ಓದಿದೆ. ಅಮ್ಮ ಕನ್ನಡಕ ಕೆಳಗೆ ಇಳಿಸಿ ನೋಡಿದರು. “ಹೀಗಲ್ಲ. ನಿಂಗೆ ನನ್ನ ಹೆದರಿಕೆ ಉಂಟು. ಹೆದರಿಕೆ ಇದ್ದವರು ಇಷ್ಟು ಬೇಗ ಮಾತಾಡುವುದಿಲ್ಲ.” ಎರಡನೇ ಸಲ ನಾನು ಓದಿ ನಿಲ್ಲಿಸಿದಾಗ ಅವರು ಎದ್ದು ನಿಂತು ತಮ್ಮ ಮಾತು ಹೇಳಿದರು, ಪುಸ್ತಕ ನೋಡದೆ. ಆ ಸ್ವರವನ್ನು ನಾನು ಈ ಮನೆಯಲ್ಲಿ ಟಿವಿಯಿಂದ ಕೇಳಿದ್ದು ಮಾತ್ರ. ಪಕ್ಕದ ಮನೆಯವರು ಅಂಗಳಕ್ಕೆ ಬಂದು, “ಎಂತ ಆಯ್ತು?” ಅಂತ ಕೇಳಿದರು.

ರಾತ್ರಿ ಮಲಗುವ ಮೊದಲು ಅಮ್ಮ ಬಾಗಿಲ ಹತ್ತಿರ ಬಂದರು. “ವಿಡಿಯೋ ಯಾರೋ ಯಾಕೆ ತೆಗಿಬೇಕು? ನೀನೇ ರಜೆ ಹಾಕಿ ಬಾ. ಫೋನು ಅಡ್ಡ ಹಿಡಿ, ಇಲ್ಲದಿದ್ರೆ ಸ್ಟೇಜು ಪೂರ್ತಿ ಬರುವುದಿಲ್ಲ.”