ಕೋವಿಯ ಟ್ರಿಗರ್‌ಗೆ ಅರ ಹಾಕಿಸುವ ಮುನ್ನ



ಸಂಘದ ಜಗಲಿಯಲ್ಲಿ ಹಂದಿ, ಮಂಗಗಳ ಉಪದ್ರವದ ಜತೆಗೆ ಇನ್ನೊಂದು ಮಾತೂ ಈಚೆಗೆ ಕೇಳಿಬರುತ್ತಿದೆ: “ನನ್ನ ಕೋವಿಯ ಟ್ರಿಗರ್ ಬಹಳ ಬಿಗಿ, ಸ್ವಲ್ಪ ಹಗುರ ಮಾಡಿಸಬೇಕು.” ಬಿಗಿ ಟ್ರಿಗರ್‌ನಿಂದ ಗುರಿ ತಪ್ಪುವುದು ನಿಜ. ಬೆರಳಿಗೆ ಬಲ ಕೊಟ್ಟಷ್ಟೂ ನಳಿಗೆ ಪಕ್ಕಕ್ಕೆ ಎಳೆಯುತ್ತದೆ. ಚರೆಯ ತೋಟಾ ಕೋವಿಗಿಂತ ಒಂಟಿ ಗುಂಡಿನ .315 ರೈಫಲ್‌ನಲ್ಲಿ ಇದು ಹೆಚ್ಚು ಬಾಧಿಸುತ್ತದೆ. ಆದರೆ ಅದಕ್ಕೆ ಕುಲುಮೆಯ ಅರವೇ ಮದ್ದೆಂಬುದನ್ನು ನಾನು ಒಪ್ಪಲಾರೆ.

ಕಾರಣ ನನ್ನದೇ ಕೋವಿ. ಕೆಲವು ವರ್ಷಗಳ ಹಿಂದೆ ಕಸುಬುದಾರರೊಬ್ಬರಿಂದ ಅರ ಹಾಕಿಸಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಿಡುತ್ತಿತ್ತು. ಎರಡು ತಿಂಗಳು ಹಿಗ್ಗಿದ್ದೇ ಹಿಗ್ಗು. ಒಂದು ರಾತ್ರಿ ಅಟ್ಟಣೆ ಹತ್ತುವಾಗ ಕೋವಿಯ ಹಿಡಿ ಏಣಿಗೆ ತಟ್ಟಿತು, ಈಡು ಹಾರಿತು. ಮೇಲಿನಿಂದ ಕೈ ಚಾಚಿದ್ದ ತಮ್ಮನ ಮಗನ ಕಿವಿಯ ಪಕ್ಕದಲ್ಲೇ ಚರೆ ಹೋಯಿತು. ಕುದುರೆ ಎತ್ತಿಟ್ಟುಕೊಂಡು ಏಣಿ ಹತ್ತಿದ್ದು ನನ್ನ ತಪ್ಪೇ. ಆದರೆ ಮೊದಲಿನಂತಿದ್ದರೆ ಅಷ್ಟು ತಟ್ಟಿಗೆ ಅದು ಹಾರುತ್ತಿರಲಿಲ್ಲ.

ಎತ್ತಿದ ಕುದುರೆಯನ್ನು ತಡೆದಿಡುವುದು ಒಳಗಿನ ಒಂದು ಸಣ್ಣ ಕೊಕ್ಕೆ. ಕಚ್ಚಿನಲ್ಲಿ ಅದು ಆಳವಾಗಿ ಕೂತಷ್ಟೂ ಭದ್ರ. ಅರ ತಾಗಿದರೆ ಆ ಆಳ ಕಡಿಮೆಯಾಗುತ್ತದೆ. ಹದ ಹಾಕಿದ ಗಟ್ಟಿ ಪದರ ಹೋಗಿ, ಮುಂದೆ ತಾನಾಗಿಯೇ ಸವೆಯುತ್ತದೆ. ಕಾರ್ಖಾನೆಯವರೇ ಎಡವಿದ್ದುಂಟು. ಅಮೆರಿಕದ ರೆಮಿಂಗ್ಟನ್ ಕಂಪನಿ 2006ರಿಂದ ಹೊಸ ಬಗೆಯ ಟ್ರಿಗರ್ ಕೂರಿಸಿ ಮಾಡಿದ್ದ 700 ಮಾದರಿಯ ರೈಫಲ್‌ಗಳನ್ನು 2014ರಲ್ಲಿ ವಾಪಸು ಕರೆಯಿತು. ಜೋಡಣೆಯಲ್ಲಿ ಅಂಟು ಹೆಚ್ಚಾಗಿ, ಬೆರಳಿಡದೆಯೇ ಈಡು ಹಾರುವ ಅಪಾಯವಿತ್ತು. ಅಳತೆಯ ಉಪಕರಣವೇ ಇಲ್ಲದ ಕುಲುಮೆಯ ಗತಿ ಏನು?

ಬಿಗಿಗೆ ಮೂಲ ಹಲವು ಸಲ ನಾವು ಹಾಕುವ ತೆಂಗಿನೆಣ್ಣೆ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಅದು ಹೆಪ್ಪುಗಟ್ಟುತ್ತದೆ. ನಮ್ಮ ಡಿಸೆಂಬರಿನ ರಾತ್ರಿ ಸಾಲದೇ? ಅದರೊಳಗೆ ಧೂಳು, ಮಳೆಗಾಲದ ತುಕ್ಕು ಬೇರೆ. ಆ ಘಟನೆಯ ನಂತರ ಪೇಟೆಯ ಲೈಸೆನ್ಸುದಾರ ಕೋವಿ ರಿಪೇರಿಯವರು ಹೊಸ ಕೊಕ್ಕೆ ಹಾಕಿ, ಒಳಗನ್ನೆಲ್ಲ ತೊಳೆದು ತೆಳು ಎಣ್ಣೆ ಕೊಟ್ಟರು. ಬಿಗಿ ಮುಕ್ಕಾಲು ಪಾಲು ಅಷ್ಟಕ್ಕೇ ಹೋಯಿತು! ಉಳಿದದ್ದನ್ನು ಖಾಲಿ ಕೋವಿಯಲ್ಲಿ ಬೆರಳು ಪಳಗಿಸಿ ಸರಿಮಾಡಿಕೊಂಡೆ.

1959ರ ಆಯುಧ ಕಾಯಿದೆಯ 5ನೇ ಕಲಮಿನಂತೆ ಲೈಸೆನ್ಸಿಲ್ಲದವರು ಕೋವಿ ರಿಪೇರಿ ಮಾಡುವುದೇ ಅಪರಾಧ. ಲೈಸೆನ್ಸುಳ್ಳ ರಿಪೇರಿಯವರು ಎಲ್ಲೆಲ್ಲಿದ್ದಾರೆಂಬ ಪಟ್ಟಿಯನ್ನು ನಮ್ಮ ಸಂಘ ಮುಂದಿನ ಸಂಚಿಕೆಯಲ್ಲೇ ಅಚ್ಚುಮಾಡಿಸಲಿ ಎಂದು ಆಡಳಿತ ಮಂಡಳಿಯನ್ನು ಕೇಳಿಕೊಳ್ಳುತ್ತೇನೆ.